ಸದ್ದಿಲ್ಲದೆ ಸೋರುವ ಬಚ್ಚಲು

ನಲ್ಲಿ ತೊಟ್ಟಿಕ್ಕಿದರೆ ಕಿವಿಗೆ ಬೀಳುತ್ತದೆ. ಫ್ಲಶ್ ಟ್ಯಾಂಕ್ ಸೋರಿದರೆ ಎಷ್ಟೋ ಸಲ ಸದ್ದೇ ಇರುವುದಿಲ್ಲ. ನೀರು ಕಮೋಡಿನ ಒಳಮೈಗೆ ಅಂಟಿಕೊಂಡೇ ಇಳಿದುಹೋಗುತ್ತದೆ. ಆದ್ದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಸೋರುವ ಜಾಗ ಹುಡುಕಿ.

ಹಂತ 1: ರಾತ್ರಿಯ ಗುರುತು

ಮೀಟರ್ ನೋಡಿದರೆ ತಿಳಿಯುತ್ತದೆ ಎಂಬ ಮಾತಿದೆ. ಸಂಪು ಇರುವ ನಮ್ಮ ಮನೆಗಳಿಗೆ ಅದು ಹೊಂದುವುದಿಲ್ಲ. ಮೀಟರ್ ಅಳೆಯುವುದು ರಸ್ತೆಯಿಂದ ಸಂಪಿಗೆ ಬೀಳುವ ನೀರನ್ನು. ಬಚ್ಚಲಿಗೆ ಇಳಿಯುವುದು ತಾರಸಿಯ ಟ್ಯಾಂಕಿನ ನೀರು. ಮಲಗುವ ಮುನ್ನ ಮೋಟಾರ್ ಆಫ್ ಮಾಡಿ (ತಾನಾಗಿ ಓಡುವ ಮೋಟಾರ್ ಆದರೆ ಮರೆಯಲೇಬೇಡಿ), ಆ ಟ್ಯಾಂಕಿಗೆ ಕೋಲು ಇಳಿಸಿ ನೀರಿನ ಮಟ್ಟ ಗುರುತಿಸಿ. ಯಾರೂ ನೀರು ಬಳಸದಿದ್ದರೂ ಬೆಳಿಗ್ಗೆ ಮಟ್ಟ ಇಳಿದಿದ್ದರೆ ಸೋರಿಕೆ ಇದೆ. ಮರುರಾತ್ರಿ ಬಚ್ಚಲಿನ ಗೇಟ್‌ವಾಲ್ವ್ ಮುಚ್ಚಿ ನೋಡಿ. ಆಗ ಮಟ್ಟ ಇಳಿಯದಿದ್ದರೆ ತಪ್ಪು ಆ ಲೈನಿನಲ್ಲೇ.

ಹಂತ 2: ಫ್ಲಶ್ ಟ್ಯಾಂಕ್

ಮುಚ್ಚಳ ತೆಗೆದು, ಬಟ್ಟೆಗೆ ಹಾಕುವ ನೀಲಿಯ ನಾಲ್ಕು ಹನಿ ಬಿಡಿ. ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕಮೋಡಿನಲ್ಲಿ ನೀಲಿ ಕಂಡರೆ ತಳದ ರಬ್ಬರ್ ಸೀಲ್ ಕೂರುತ್ತಿಲ್ಲ. ಆಂಗಲ್ ಕಾಕ್ ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ಸೀಲ್ ತೆಗೆದು ತೊಳೆಯಿರಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಸೀಲು ಕೂರುವ ಜಾಗದಲ್ಲಿ ಬಿಳಿ ಸುಣ್ಣ ಕಟ್ಟಿರುತ್ತದೆ. ವಿನೆಗರ್ ಬಟ್ಟೆಯಿಂದ ಉಜ್ಜಿದರೆ ಬಿಡುತ್ತದೆ. ಆಸಿಡ್ ಮಾತ್ರ ಬೇಡ, ರಬ್ಬರ್ ಹಾಳಾಗುತ್ತದೆ. ಸೀಲ್ ಗಟ್ಟಿಯಾಗಿದ್ದರೆ ಹಳೆಯದನ್ನೇ ಅಂಗಡಿಗೆ ಒಯ್ದು ಅದೇ ಅಳತೆಯದು ತನ್ನಿ. ಒಳಗಿನ ಉದ್ದ ಕೊಳವೆಯ ಬಾಯಿಯೊಳಗೆ ನೀರು ಇಳಿಯುತ್ತಿದ್ದರೆ ಸೀಲಿನ ತಪ್ಪಲ್ಲ: ಫ್ಲೋಟ್ ಇಳಿಸಿ, ನೀರು ಆ ಬಾಯಿಗಿಂತ ಒಂದು ಅಂಗುಲ ಕೆಳಗೇ ನಿಲ್ಲುವಂತೆ ಮಾಡಿ.

ಹಂತ 3: ತೊಟ್ಟಿಕ್ಕುವ ನಲ್ಲಿ

ಕೆಳಗೊಂದು ಲೀಟರಿನ ಪಾತ್ರೆ ಇಡಿ. ಗಂಟೆಗೆ ತುಂಬಿದರೆ ದಿನಕ್ಕೆ 24 ಲೀಟರ್, ತಿಂಗಳಿಗೆ 720. ವಾಲ್ವ್ ಮುಚ್ಚಿ, ಪೈಪಿನಲ್ಲಿ ಉಳಿದ ನೀರು ಹರಿಸಿ, ಸ್ಕ್ರೂ ಜಾರಿಹೋಗದಂತೆ ಜಾಲರಿಯ ಮೇಲೆ ಬಟ್ಟೆ ಹಾಸಿ. ಸುತ್ತಿ ಸುತ್ತಿ ಮುಚ್ಚುವ ಹಳೆಯ ನಲ್ಲಿಯಾದರೆ ಸ್ಪಿಂಡಲ್ ಬಿಚ್ಚಿ ತುದಿಯ ವಾಷರ್ ಬದಲಿಸಿ. ಕಾಲು ಸುತ್ತಿಗೆ ತೆರೆಯುವ ನಲ್ಲಿಯಲ್ಲಿ ವಾಷರ್ ಇರುವುದಿಲ್ಲ, ಒಳಗಿನ ಸ್ಪಿಂಡಲನ್ನೇ ಬದಲಿಸಬೇಕು. ಸೋರುತ್ತಿದೆ ಎಂದು ಬಲವಾಗಿ ತಿರುಗಿಸಿದರೆ ವಾಷರ್ ಇನ್ನಷ್ಟು ಸವೆಯುತ್ತದೆ. ಗೋಡೆಯ ಸಂದಿಯಲ್ಲಿ ಒಸರಿದರೆ ನಲ್ಲಿ ಬಿಚ್ಚಿ, ಥ್ರೆಡ್ ಒರೆಸಿ, ಥ್ರೆಡ್ಡಿನ ತುದಿ ನಿಮ್ಮತ್ತ ಹಿಡಿದು ಗಡಿಯಾರದ ಮುಳ್ಳಿನ ದಿಕ್ಕಿಗೆ ಟೆಫ್ಲಾನ್ ಟೇಪ್ ಬಿಗಿಯಾಗಿ ಸುತ್ತಿ.

ಹಂತ 4: ತೇವದ ಗೋಡೆ

ಎರಡು ದಿನ ಆ ಬಚ್ಚಲಲ್ಲಿ ಸ್ನಾನ ಮಾಡಬೇಡಿ, ವಾಲ್ವ್ ತೆರೆದೇ ಇರಲಿ. ಗೋಡೆ ಒಣಗುತ್ತ ಬಂದರೆ ಟೈಲ್ಸ್ ಸಂದಿಯನ್ನು ಅನುಮಾನಿಸಿ. ಹಳೆಯ ಗ್ರೌಟ್ ಕೆರೆದು ಹೊಸದು ತುಂಬಿ. ಒಣಗದಿದ್ದರೆ ಗೋಡೆಯೊಳಗಿನ ಪೈಪು ಸೋರುತ್ತಿರಬಹುದು. ಅದು ಪ್ಲಂಬರ್ ಕೆಲಸ. ಗೋಡೆ ಒಡೆಯುವ ಮುನ್ನ ಪ್ರೆಶರ್ ಟೆಸ್ಟ್ ಮಾಡಿಸಿ. ತೇವ ಗೀಸರ್ ಸ್ವಿಚ್ಚಿನ ಹತ್ತಿರ ಬಂದಿದ್ದರೆ ಆ ಸ್ವಿಚ್ ಮುಟ್ಟದೆ ಮೇನ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ.

ರಿಪೇರಿಯಾದ ರಾತ್ರಿ ಮತ್ತೆ ಟ್ಯಾಂಕಿಗೆ ಕೋಲು ಇಳಿಸಿ. ಬೆಳಿಗ್ಗೆ ಮಟ್ಟ ಅಲ್ಲೇ ಇದ್ದರೆ ಕೆಲಸ ಸರಿಯಾಗಿದೆ.