ಆ್ಯಪ್ ತೆಗೆದರೂ ದುಡ್ಡು ಹೋಗುತ್ತಿದೆಯೇ?

ಧಾರಾವಾಹಿ ನೋಡುವ ಒಟಿಟಿ ಆ್ಯಪ್ ಅನ್ನು ಫೋನಿನಿಂದ ತೆಗೆದುಹಾಕಿದ ಮಾತ್ರಕ್ಕೆ ಚಂದಾ ನಿಲ್ಲುವುದಿಲ್ಲ ತಾಯಿ. ನಿಮ್ಮ ಪಿಂಚಣಿ ಖಾತೆಯಿಂದ ತಿಂಗಳು ತಿಂಗಳು ಹಣ ಹೋಗುತ್ತಿರುವುದು ಅದಕ್ಕೇ. ಚಂದಾದಾರರಾದ ದಿನವೇ ಪಿನ್ ಒತ್ತಿ ಯುಪಿಐ ಆಟೋಪೇಗೆ ಒಪ್ಪಿಗೆ ಕೊಟ್ಟಿದ್ದೀರಿ, ಅದಿನ್ನೂ ಜಾರಿಯಲ್ಲಿದೆ. ನೀವು ಹಣ ಪಾವತಿಸುವ ಆ್ಯಪ್‌ನಲ್ಲಿ ‘ಆಟೋಪೇ’ ಹುಡುಕಿ, ಆ ಒಪ್ಪಿಗೆಯನ್ನು ಅಲ್ಲೇ ರದ್ದುಮಾಡಿ. ಒಟಿಟಿ ಖಾತೆಯೊಳಗೂ ಚಂದಾ ರದ್ದಾಗಲಿ. ಕಟ್ಟಿದ ಅವಧಿ ಮುಗಿಯುವವರೆಗೆ ಸಾಮಾನ್ಯವಾಗಿ ಧಾರಾವಾಹಿ ನೋಡಬಹುದು.

ರಿಸರ್ವ್ ಬ್ಯಾಂಕ್ ನಿಯಮದಂತೆ, ಇಂಥ ಕಡಿತಕ್ಕೆ ಕನಿಷ್ಠ 24 ಗಂಟೆ ಮೊದಲೇ ಸೂಚನೆ ಬರಬೇಕು. ದಯವಿಟ್ಟು ಆ ಸಂದೇಶವನ್ನು ಜಾಹೀರಾತೆಂದುಕೊಂಡು ಅಳಿಸಬೇಡಿ.

ಇನ್ನು ಕೇಬಲ್. ನೋಡದ ಕ್ರೀಡಾ ಚಾನೆಲ್‌ಗಳ ಪ್ಯಾಕ್ ನಿಮಗೇಕೆ? ಬೇಕಾದ ಚಾನೆಲ್‌ಗಳನ್ನಷ್ಟೇ ಬಿಡಿಯಾಗಿ ಆರಿಸಿಕೊಳ್ಳಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ನಿಯಮ ಅವಕಾಶ ಕೊಟ್ಟಿದೆ. ಆಪರೇಟರ್ ಬಳಿ ಪ್ರತಿ ತಿಂಗಳೂ ರಸೀದಿ ಕೇಳಿ, ಸಂಕೋಚ ಬೇಡ.