ದವಡೆಯ ಕೀಲು: ಅದರ ಬೇನೆ ಮತ್ತು ಉಪಚಾರ

ಎರಡು ತೋರುಬೆರಳುಗಳನ್ನು ಕಿವಿಗಳ ಮುಂಭಾಗದಲ್ಲಿ ಮೃದುವಾಗಿ ಒತ್ತಿಟ್ಟುಕೊಂಡು ಬಾಯನ್ನು ಮೆಲ್ಲಗೆ ತೆರೆಯಿರಿ; ಮತ್ತೆ ಮುಚ್ಚಿರಿ. ಬೆರಳ ತುದಿಯ ಕೆಳಗೆ ಎಲುಬೊಂದು ಹೊರಳಿ ಮುಂದಕ್ಕೆ ಜಾರಿದಂತೆ ತೋರುವುದಷ್ಟೆ? ಅದೇ ಕೆಳದವಡೆಯ ಕೀಲು. ಮಾತು, ಊಟ, ನಗೆ, ಆಕಳಿಕೆ ಇವೆಲ್ಲಕ್ಕೂ ಅದೇ ಆಧಾರ. ಅದು ನೆಟ್ಟಗಿರುವವರೆಗೆ ಅದರ ನೆನಪೇ ನಮಗೆ ಬಾರದು. ಕೆಟ್ಟಾಗ ಒಂದು ತುತ್ತನ್ನು ಅಗಿಯುವುದೂ ಪ್ರಯಾಸವಾಗುತ್ತದೆ. ಈ ಕೀಲು ಕೆಲಸಮಾಡುವ ಬಗೆಯನ್ನು ತಿಳಿದರೆ, ಬೇನೆ ಬಂದಾಗ ಮೊದಲು ಮಾಡತಕ್ಕದ್ದೇನು, ಅವಸರದಿಂದ ಮಾಡಬಾರದುದೇನು ಎಂಬುದನ್ನು ನಾವೇ ವಿವೇಚಿಸಬಹುದು.

ಕೀಲಿನ ರಚನೆ

ಬಾಗಿಲಿನ ತಿರುಗಣಿ ಇದ್ದಲ್ಲಿಯೇ ತಿರುಗುತ್ತದೆ. ದವಡೆಯ ಕೀಲಾದರೋ ತಿರುಗುವುದರ ಜೊತೆಗೆ ಜಾರುತ್ತದೆ ಕೂಡ. ಕೆಳದವಡೆಯ ಗುಂಡಾದ ತಲೆಯು ಕಣತಲೆಯ ಎಲುಬಿನ ಕುಳಿಯಲ್ಲಿ ಕುಳಿತಿರುತ್ತದೆ. ಎರಡು ಎಲುಬುಗಳೂ ಒಂದನ್ನೊಂದು ಉಜ್ಜದಂತೆ ನಡುವೆ ನಾರಿನಿಂದಾದ ಒಂದು ತೆಳುವಾದ ತಟ್ಟೆಯಿದೆ. ಬಾಯಿ ಸ್ವಲ್ಪ ತೆರೆಯುವಾಗ ದವಡೆಯ ತಲೆ ಮುಖ್ಯವಾಗಿ ತಿರುಗುತ್ತದೆ. ಇನ್ನೂ ಅಗಲವಾಗಿ ತೆರೆದರೆ ತಟ್ಟೆಯೊಡನೆ ಮುಂದಕ್ಕೆ ಜಾರುತ್ತದೆ. ಎಡಬಲದ ಕೀಲುಗಳನ್ನು ಒಂದೇ ಎಲುಬು ಕೂಡಿಸಿರುವುದರಿಂದ ಒಂದು ಅಲುಗದೆ ಇನ್ನೊಂದು ಅಲುಗಲಾರದು. ವಯಸ್ಕರ ಬಾಯಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ತೆರೆಯುತ್ತದೆ. ಅಂದರೆ ಅವರವರ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟಷ್ಟು.

ಸನ್ನೆಯ ಲೆಕ್ಕ

ಕೆಳದವಡೆಯು ಮೂರನೆಯ ವರ್ಗದ ಸನ್ನೆ. ಕೀಲು ಆಧಾರಬಿಂದು, ಹಲ್ಲಿನ ನಡುವಿನ ಆಹಾರ ಭಾರ, ಸ್ನಾಯುಗಳ ಎಳೆತ ಇವೆರಡರ ನಡುವೆ. ಲೆಕ್ಕ ಸುಲಭವಾಗಲೆಂದು ಕೀಲಿನಿಂದ ಸ್ನಾಯುವಿಗೆ 4 ಸೆಂಟಿಮೀಟರ್, ದವಡೆಹಲ್ಲಿಗೆ 6, ಮುಂದಿನ ಬಾಚಿಹಲ್ಲಿಗೆ 10 ಸೆಂಟಿಮೀಟರ್ ದೂರವೆಂದೂ, ಬಲಗಳೆಲ್ಲ ಲಂಬವಾಗಿವೆಯೆಂದೂ ಭಾವಿಸೋಣ. ಬಾಚಿಹಲ್ಲಿನಲ್ಲಿ 10 ಕಿಲೋಗ್ರಾಂ ತೂಕದಷ್ಟು ಬಲದಿಂದ ಕಚ್ಚಬೇಕಾದರೆ ಸ್ನಾಯುಗಳು 10×10÷4, ಅಂದರೆ 25 ಕಿಲೋಗ್ರಾಂ ತೂಕದ ಬಲದಿಂದ ಎಳೆಯಬೇಕು. ಮಿಕ್ಕ 15 ಎಲ್ಲಿ ಹೋಯಿತು? ಅದು ಎರಡು ಕೀಲುಗಳ ಮೇಲೆ ಬಿತ್ತು. ಅದೇ ಬಲದಿಂದ ದವಡೆಹಲ್ಲಿನಲ್ಲಿ ಅಗಿದರೆ ಸ್ನಾಯುವಿನ ಎಳೆತ 15. ಕೀಲುಗಳ ಪಾಲು 5 ಮಾತ್ರ. ಕಬ್ಬನ್ನು ಮುಂದಿನ ಹಲ್ಲಿನಿಂದ ಸಿಗಿಯುವಾಗ ಬೇನೆಯುಳ್ಳ ಕೀಲು ಏಕೆ ಚೀರುತ್ತದೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಬಲದ ಜೊತೆಗೆ ಕಾಲವನ್ನೂ ಗಣಿಸಬೇಕು. ವಿಶ್ರಾಂತಿಯಲ್ಲಿ ತುಟಿಗಳು ಕೂಡಿದ್ದರೂ ಹಲ್ಲುಗಳ ನಡುವೆ ಕೆಲವು ಮಿಲಿಮೀಟರ್ ತೆರಪಿರುತ್ತದೆ. ಪರೀಕ್ಷೆಯ ಚಿಂತೆಯಲ್ಲಿ ಗಂಟೆಗಟ್ಟಲೆ ಹಲ್ಲು ಕಚ್ಚಿ ಕುಳಿತವನ ಸ್ನಾಯುಗಳಿಗೂ ಕೀಲಿಗೂ ಆ ಬಿಡುವು ದೊರೆಯುವುದಿಲ್ಲ.

ಲಕ್ಷಣಗಳು

ಕಿವಿಯ ಮುಂದೆ, ಕೆನ್ನೆಯಲ್ಲಿ, ಕಣತಲೆಯಲ್ಲಿ ನೋವು, ಅಗಿಯುವಾಗ ಆಯಾಸ, ಬಾಯಿ ಪೂರ್ತಿ ತೆರೆಯದಿರುವುದು, ಕಿವಿಯಲ್ಲಿ ದೋಷವಿಲ್ಲದಿದ್ದರೂ ಕಿವಿನೋವು. ತಟ್ಟೆಯು ಮುಂದಕ್ಕೆ ಸರಿದಿದ್ದರೆ ದವಡೆಯ ತಲೆ ಅದರ ಅಂಚನ್ನು ಹತ್ತುವಾಗ ‘ಟಕ್’ ಎಂಬ ಸದ್ದಾಗುವುದುಂಟು. ನೋವಿಲ್ಲದೆ ಕೇವಲ ಸದ್ದು ಮಾತ್ರವಿದ್ದರೆ ಚಿಕಿತ್ಸೆ ಬೇಕಾಗಿಲ್ಲ. ಪೆಟ್ಟು, ಸಂಧಿವಾತ, ಹಲ್ಲು ಕಡಿಯುವ ಅಭ್ಯಾಸ, ಮಾನಸಿಕ ಒತ್ತಡ, ನಿದ್ರಾಭಂಗ ಇವು ಹಲವು ಕಾರಣಗಳು. ಅನೇಕ ವೇಳೆ ಹಲವು ಕಾರಣಗಳು ಒಟ್ಟುಗೂಡಿರುತ್ತವೆ. ಈ ಬೇನೆ ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು.

ಚಿಕಿತ್ಸೆಯ ಇತಿಹಾಸ ಕಲಿಸುವ ಪಾಠ

ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ-ಗಂಟಲಿನ ವೈದ್ಯ ಜೇಮ್ಸ್ ಕಾಸ್ಟನ್ 1934ರಲ್ಲಿ ಈ ಬೇನೆಯನ್ನು ವಿವರಿಸಿ, ಹಲ್ಲುಗಳ ಕೂಡಿಕೆ ಕೆಟ್ಟದ್ದೇ ಕಾರಣವೆಂದು ಭಾವಿಸಿದರು. 1950ರ ದಶಕದಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯದ ಲಾಸ್ಲೋ ಶ್ವಾರ್ಟ್ಸ್ ಸ್ನಾಯುಗಳ ಬಿಗಿತದ ಕಡೆಗೆ ಗಮನ ಸೆಳೆದರು. 1980ರ ದಶಕದಲ್ಲಿ ಅಮೆರಿಕದಲ್ಲಿ ಕೆಟ್ಟ ತಟ್ಟೆಯನ್ನು ತೆಗೆದು ಟೆಫ್ಲಾನ್ ಬೆರೆತ ಕೃತಕ ತಟ್ಟೆಯನ್ನು ಕೂಡಿಸುವ ಶಸ್ತ್ರಚಿಕಿತ್ಸೆ ಬಳಕೆಗೆ ಬಂದಿತು. ನಾವು ಮೇಲೆ ಲೆಕ್ಕ ಹಾಕಿದ ಹೊರೆಯನ್ನು ಆ ವಸ್ತು ತಾಳಲಿಲ್ಲ, ಸವೆದು ಚೂರಾಯಿತು. ಚೂರುಗಳಿಂದ ದೇಹ ಕೆರಳಿ, ಹಲವರಲ್ಲಿ ಸುತ್ತಲಿನ ಎಲುಬೇ ಕರಗಿತು. 1990-91ರಲ್ಲಿ ಅವನ್ನು ಹಿಂತೆಗೆಸಬೇಕಾಯಿತು. ಆ ರೋಗಿಗಳಿಗೆ ಹಳೆಯ ತಟ್ಟೆಯನ್ನು ಮರಳಿ ಕೊಡುವವರಾರು?

ಮನೆಯಲ್ಲಿ ಮಾಡಬಹುದಾದದ್ದು

ಹೆಚ್ಚಿನವರ ಬೇನೆ ಸರಳ ಉಪಾಯಗಳಿಂದಲೇ ಇಳಿಯುತ್ತದೆ. ಕೆಲವು ದಿನ ಮೆತ್ತನೆಯ ಅನ್ನ, ಗಂಜಿ, ಇಡ್ಲಿಗಳನ್ನು ತಿನ್ನತಕ್ಕದ್ದು. ಚಕ್ಕುಲಿ, ಕಬ್ಬು, ಚೂಯಿಂಗ್ ಗಮ್ ಬೇಡ. ಹಣ್ಣನ್ನು ಹೆಚ್ಚಿಕೊಂಡು ತಿನ್ನುವುದು ಲೇಸು. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹದವಾಗಿ ಶಾಖ ಕೊಟ್ಟರೆ ಸ್ನಾಯುಗಳು ಸಡಿಲುತ್ತವೆ. ಆಕಳಿಸುವಾಗ ಗಲ್ಲದ ಕೆಳಗೆ ಮುಷ್ಟಿಯನ್ನು ಆನಿಸಬೇಕು. ಓದುವಾಗ ಆಗಾಗ ‘ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ’ ಎಂದು ನೆನೆಸಿಕೊಳ್ಳಬೇಕು.

ವೈದ್ಯರಲ್ಲಿಗೆ ಹೋಗುವಾಗ

ಎರಡು ಮೂರು ವಾರಗಳಲ್ಲಿ ನೋವು ಇಳಿಯದಿದ್ದರೆ ಅಥವಾ ಬಾಯಿ ಎರಡು ಬೆರಳಿನಷ್ಟೂ ತೆರೆಯದಿದ್ದರೆ ದಂತವೈದ್ಯರನ್ನು ಕಾಣಬೇಕು. ಬೆಂಗಳೂರು, ಬಳ್ಳಾರಿಗಳಲ್ಲಿ ಸರಕಾರಿ ದಂತ ಕಾಲೇಜುಗಳಿವೆ. ತೆರೆದ ಬಾಯಿ ಮುಚ್ಚದೆ ನಿಂತರೆ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು. ಗಾಯವಾದ ಮೇಲೆ ದವಡೆ ಬಿಗಿದರೆ ಧನುರ್ವಾಯುವಿರಬಹುದು. ನಡೆಯುವಾಗ ಮಾತ್ರ ದವಡೆ ನೋಯುತ್ತಿದ್ದರೆ ಹೃದಯವನ್ನು ಪರೀಕ್ಷಿಸಬೇಕು. ಅಡಿಕೆ, ಗುಟ್ಕಾ ಅಗಿಯುವವರ ಬಾಯಿ ವರ್ಷಗಳಲ್ಲಿ ಕ್ರಮೇಣ ಕಿರಿದಾಗುತ್ತ ಬಂದು, ಖಾರ ತಾಕಿದರೆ ಉರಿಯುವಂತಿದ್ದರೆ ಅದು ಕೀಲಿನ ದೋಷವಲ್ಲ. ಬಾಯೊಳಗಿನ ಪೊರೆ ನಾರುಗಟ್ಟುತ್ತಿರುವ ಆ ರೋಗ ಕ್ಯಾನ್ಸರಿಗೆ ತಿರುಗಬಲ್ಲದು. ಅದನ್ನು ತಡಮಾಡದೆ ತೋರಿಸಬೇಕು.

2023ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಪ್ರಕಟಿಸಿದ ಮಾರ್ಗಸೂಚಿಯು ಬಹುಕಾಲದ ದವಡೆನೋವಿಗೆ ತಜ್ಞರ ಮೇಲ್ವಿಚಾರಣೆಯ ವ್ಯಾಯಾಮ, ನೋವನ್ನು ನಿಭಾಯಿಸಲು ಕಲಿಸುವ ಮನೋಚಿಕಿತ್ಸೆ ಮೊದಲಾದವನ್ನು ಬಲವಾಗಿ ಅನುಮೋದಿಸಿತು. ತಟ್ಟೆಯನ್ನು ತೆಗೆಯುವುದನ್ನು ಬಲವಾಗಿ ವಿರೋಧಿಸಿತು. ಶಸ್ತ್ರಚಿಕಿತ್ಸೆ ಅಗತ್ಯವಾಗುವವರು ಕೆಲವರು ಮಾತ್ರ. ಆದುದರಿಂದ ಹಲ್ಲನ್ನು ಉಜ್ಜಿ ತಗ್ಗಿಸುವ ಅಥವಾ ಕೀಲನ್ನು ಕೊಯ್ಯುವ ಸಲಹೆ ಬಂದಾಗ, ಇದು ಫಲಿಸದಿದ್ದರೆ ಹಿಂದಿನ ಸ್ಥಿತಿಗೆ ಮರಳಲು ಸಾಧ್ಯವೇ, ಮೊದಲು ಪ್ರಯತ್ನಿಸಬಹುದಾದ ಬೇರೆ ದಾರಿಯಿದೆಯೇ ಎಂದು ವಿನಯದಿಂದ ಕೇಳಿರಿ. ಮತ್ತೊಬ್ಬ ವೈದ್ಯರ ಅಭಿಪ್ರಾಯವನ್ನು ಪಡೆಯಲೂ ಸಂಕೋಚ ಪಡಬೇಕಾಗಿಲ್ಲ.