ಯಂತ್ರದೊಳಗಿನ ಬೀಗಗಳೂ ಅವುಗಳ ವಿವರಪತ್ರವೂ

ಗಣಕಯಂತ್ರವೆಂದರೆ ಒಂದೇ ಪ್ರೊಸೆಸರ್ ಉಳ್ಳ ಯಂತ್ರವೆಂಬ ಭಾವನೆ ಇಂದು ಸಲ್ಲದು. ಅಂಗೈಯಲ್ಲಿ ಹಿಡಿಸುವ ಫೋನಿನ ಒಂದೇ ಚಿಪ್‌ನಲ್ಲಿಯೂ ಹಲವು ಪ್ರೊಸೆಸರುಗಳು ಕೂಡಿ ದುಡಿಯುತ್ತವೆ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯವರು ನಿರ್ಮಿಸಿದ ಓಮ್ಯಾಪ್ 4 ಎಂಬ ಚಿಪ್ ಅನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅದರಲ್ಲಿ ಕಾರ್ಟೆಕ್ಸ್ ಎ9 ಜಾತಿಯ ಎರಡು ಮುಖ್ಯ ಪ್ರೊಸೆಸರುಗಳೂ, ಕಾರ್ಟೆಕ್ಸ್ ಎಂ3 ಜಾತಿಯ ಎರಡು ಚಿಕ್ಕ ಪ್ರೊಸೆಸರುಗಳೂ, ಸಂಕೇತಗಳನ್ನು ಸಂಸ್ಕರಿಸಲೆಂದೇ ರಚಿತವಾದ ಮತ್ತೊಂದು ಪ್ರೊಸೆಸರೂ ಉಂಟು. ಮುಖ್ಯ ಪ್ರೊಸೆಸರುಗಳಲ್ಲಿ ಲಿನಕ್ಸ್ ನಡೆಯುತ್ತಿರುವಾಗ ಉಳಿದವುಗಳಲ್ಲಿ ಬೇರೊಂದು ಕಾರ್ಯಾಚರಣ ವ್ಯವಸ್ಥೆ ನಡೆಯಬಹುದು. ಆದರೆ ಮೆಮೊರಿಯ ಕೆಲವು ಭಾಗಗಳನ್ನು ಇವೆಲ್ಲವೂ ಹಂಚಿಕೊಳ್ಳುತ್ತವೆ. ತೊಡಕು ಹುಟ್ಟುವುದು ಇಲ್ಲಿಯೇ.

ಎರಡು ಪ್ರೊಸೆಸರುಗಳು ಒಂದೇ ಕೋಷ್ಟಕದಲ್ಲಿ ಸಂದೇಶಗಳನ್ನು ಇಡುತ್ತಿವೆ ಎಂದು ಭಾವಿಸೋಣ. ಮುಂದಿನ ಖಾಲಿ ಮನೆಯ ಸಂಖ್ಯೆ 7 ಎಂದು ಮೆಮೊರಿಯಲ್ಲಿ ಬರೆದಿದೆ. ಮೊದಲನೆಯದು 7 ಎಂದು ಓದಿಕೊಂಡಿತು. ಅದನ್ನು 8 ಎಂದು ತಿದ್ದುವುದಕ್ಕೆ ಮುಂಚೆಯೇ ಎರಡನೆಯದೂ 7 ಎಂದೇ ಓದಿಕೊಂಡಿತು. ಎರಡೂ ತಮ್ಮ ಸಂದೇಶಗಳನ್ನು ಏಳನೆಯ ಮನೆಯಲ್ಲಿಯೇ ಇಟ್ಟವು. ಒಂದು ಸಂದೇಶ ಅಳಿಸಿಹೋಯಿತು. ಹಾಗಾಯಿತೆಂದು ಯಾರಿಗೂ ತಿಳಿಯಲೂ ಇಲ್ಲ.

ಹಲವರಲ್ಲಿ ಒಬ್ಬರು ಮಾತ್ರ ಒಂದು ಸಲಕ್ಕೆ ಒಳಹೊಗುವಂತೆ ಮಾಡುವುದು ಹೇಗೆಂಬ ಈ ಸಮಸ್ಯೆಗೆ, ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ 1965ರಲ್ಲಿ ಒಂದು ಪರಿಹಾರವನ್ನು ಪ್ರಕಟಿಸಿದರು. ಇಂದು ಒಂದೇ ಜಾತಿಯ ಪ್ರೊಸೆಸರುಗಳು, ಓದುವುದನ್ನೂ ಬರೆಯುವುದನ್ನೂ ಬಿಡಿಸಲಾಗದಂತೆ ಒಂದುಗೂಡಿಸುವ ವಿಶೇಷ ಆಜ್ಞೆಗಳಿಂದ ಈ ಕಾರ್ಯವನ್ನು ಸಾಧಿಸುತ್ತವೆ. ಆದರೆ ಜಾತಿ ಬೇರೆಯಾದ ಪ್ರೊಸೆಸರುಗಳ ನಡುವೆ ಅಂತಹ ಆಜ್ಞೆಗಳನ್ನು ನೆಚ್ಚುವಂತಿಲ್ಲ. ಆದುದರಿಂದ ಚಿಪ್‌ನಲ್ಲಿಯೇ ಬೀಗಗಳನ್ನು ರಚಿಸಿ ಇಡುತ್ತಾರೆ.

ಓಮ್ಯಾಪ್ 4ರಲ್ಲಿ ಇಂತಹ ಬೀಗಗಳು 32. ಪ್ರತಿಯೊಂದೂ ಒಂದು ರಿಜಿಸ್ಟರ್, ಎಂದರೆ ತನ್ನದೇ ವಿಳಾಸವುಳ್ಳ ಚಿಕ್ಕ ಕೋಶ. ಅದನ್ನು ಓದಿದಾಗ 0 ದೊರೆತರೆ ಬೀಗ ನಮ್ಮದಾಯಿತು; ಓದಿದ ಕ್ರಿಯೆಯಿಂದಲೇ ಅದು 1 ಆಗಿ ಮಾರ್ಪಡುತ್ತದೆ. 1 ದೊರೆತರೆ ಬೀಗ ಬೇರೊಬ್ಬರ ವಶದಲ್ಲಿದೆ ಎಂದರ್ಥ. ಕೆಲಸ ಮುಗಿದ ಮೇಲೆ 0 ಬರೆದರೆ ಬೀಗ ಬಿಡುಗಡೆಯಾಗುವುದು. ಓದುವ ಕೋರಿಕೆಗಳು ಒಂದರ ಹಿಂದೊಂದಾಗಿಯೇ ಬೀಗವನ್ನು ಮುಟ್ಟುವುದರಿಂದ ಇಬ್ಬರಿಗೆ ಒಟ್ಟಿಗೆ 0 ದೊರೆಯುವ ಸಂಭವವಿಲ್ಲ.

ಬೀಗವೇನೋ ಇದೆ, ಅದು ಎಲ್ಲಿದೆಯೆಂದು ಕಾರ್ಯಾಚರಣ ವ್ಯವಸ್ಥೆಯ ತಿರುಳಾದ ಕರ್ನೆಲ್‌ಗೆ ತಿಳಿಯುವುದು ಹೇಗೆ? ಯುಎಸ್‌ಬಿ ಸಾಧನವನ್ನು ಜೋಡಿಸಿದೊಡನೆ ಅದು ತನ್ನ ಪರಿಚಯವನ್ನು ತಾನೇ ಹೇಳಿಕೊಳ್ಳುತ್ತದೆ. ಚಿಪ್‌ನೊಳಗಿನ ಬೀಗಗಳಿಗೆ ಈ ಗುಣವಿಲ್ಲ. ಆದುದರಿಂದ ಯಂತ್ರದ ರಚನೆಯನ್ನು ತಿಳಿಸುವ ಒಂದು ವಿವರಪತ್ರವನ್ನು ಕರ್ನೆಲ್‌ಗೆ ಒದಗಿಸಬೇಕು. ಇದಕ್ಕೆ ಡಿವೈಸ್ ಟ್ರೀ, ಎಂದರೆ ಸಾಧನವೃಕ್ಷ, ಎಂದು ಹೆಸರು. ಇದರ ಮೂಲ, 1994ರಲ್ಲಿ ಮಾನಕವಾದ ಓಪನ್ ಫರ್ಮ್‌ವೇರ್ ಎಂಬ ಪದ್ಧತಿಯಲ್ಲಿದೆ. ಆರ್ಮ್ ಚಿಪ್‌ಗಳ ವಿವರಗಳೆಲ್ಲ ಕರ್ನೆಲ್‌ನೊಳಗೇ ತುಂಬಿಕೊಳ್ಳುತ್ತಿದ್ದುದನ್ನು ಲಿನಸ್ ಟೋರ್ವಾಲ್ಡ್ಸ್ 2011ರಲ್ಲಿ ಕಟುವಾಗಿ ಆಕ್ಷೇಪಿಸಿದ ಬಳಿಕ, ಆ ಚಿಪ್‌ಗಳಲ್ಲಿಯೂ ಈ ಪದ್ಧತಿ ವ್ಯಾಪಕವಾಯಿತು. ಯಂತ್ರದ ಬೀಗಗಳಿಗೆಂದೇ ಒಂದು ಸಾಮಾನ್ಯ ಚೌಕಟ್ಟು ಲಿನಕ್ಸ್‌ನಲ್ಲಿ ಸೇರಿದುದೂ ಅದೇ ವರ್ಷ.

ಬೀಗಗಳ ಸಮೂಹವನ್ನು ಕುರಿತ ನಮೂದಿನಲ್ಲಿ ಮುಖ್ಯವಾಗಿ ಮೂರು ವಿಷಯಗಳಿರುತ್ತವೆ. ಮೊದಲನೆಯದು ಅದು ಯಾವ ಜಾತಿಯದೆಂಬುದು. ಇದರಿಂದ ಕರ್ನೆಲ್ ತಕ್ಕ ಡ್ರೈವರನ್ನು ಆರಿಸಿಕೊಳ್ಳುತ್ತದೆ. ಎರಡನೆಯದು ಅದರ ಆರಂಭದ ವಿಳಾಸ ಮತ್ತು ವಿಸ್ತಾರ. ಮೂರನೆಯದು, ಒಂದು ಬೀಗವನ್ನು ಗುರುತಿಸಲು ಎಷ್ಟು ಸಂಖ್ಯೆಗಳು ಬೇಕೆಂಬುದು. ಓಮ್ಯಾಪ್‌ನಲ್ಲಿ ಒಂದೇ ಸಾಕು. ಬೀಗವನ್ನು ಬಳಸುವ ಸಾಧನದ ನಮೂದಿನಲ್ಲಿ, ಯಾವ ಸಮೂಹದ ಎಷ್ಟನೆಯ ಬೀಗ ತನಗೆ ಬೇಕೆಂದು ಬರೆದಿರುತ್ತದೆ. ಉಳಿದುದು ಡ್ರೈವರಿನ ಲೆಕ್ಕ. ಬೀಗಗಳ ಎಣಿಕೆ 0ಯಿಂದ ತೊಡಗುತ್ತದೆ. ಆರಂಭದಿಂದ 2048 ಬೈಟ್‌ಗಳಾಚೆ ಮೊದಲ ಬೀಗವಿದ್ದು, ಒಂದೊಂದಕ್ಕೂ 4 ಬೈಟ್‌ಗಳು ಸಲ್ಲುತ್ತವೆ. ಆದುದರಿಂದ 5 ಎಂಬ ಸಂಖ್ಯೆಯ ಬೀಗವು 2048 + 5 × 4, ಎಂದರೆ 2068 ಬೈಟ್‌ಗಳಾಚೆ ಇರುವುದು.

ಇಲ್ಲಿ ಒಂದು ಅಂಶವನ್ನು ನಾವು ಚೆನ್ನಾಗಿ ಗ್ರಹಿಸಬೇಕು. ತಾನು ಯಾವ ಕೋಷ್ಟಕವನ್ನು ಕಾಯುತ್ತಿದ್ದೇನೆಂಬುದು ಬೀಗಕ್ಕೆ ತಿಳಿಯದು. ಒಂದೇ ಕೋಷ್ಟಕಕ್ಕಾಗಿ ಲಿನಕ್ಸ್ 5ನ್ನೂ ಇನ್ನೊಂದು ಪ್ರೊಸೆಸರ್ 6ನ್ನೂ ಹಿಡಿದರೆ ಇಬ್ಬರಿಗೂ 0 ದೊರೆಯುತ್ತದೆ. ಇಬ್ಬರೂ ನಿಶ್ಚಿಂತೆಯಿಂದ ಒಳಹೊಕ್ಕು ಕೋಷ್ಟಕವನ್ನು ಕೆಡಿಸುತ್ತಾರೆ. ಬೀಗ ಕೆಟ್ಟಿರುವುದಿಲ್ಲ, ಒಪ್ಪಂದ ತಪ್ಪಿರುತ್ತದೆ. ವಿವರಪತ್ರದ ಆ ಸಂಖ್ಯೆ ವಾಸ್ತವವಾಗಿ ಎರಡು ವ್ಯವಸ್ಥೆಗಳ ನಡುವಣ ಕರಾರು. ಹಾಗೆಯೇ ಬೀಗ ಹಿಡಿದವನು ಬಹುಬೇಗ ಬಿಡಬೇಕು. ಕಾಯುವವನು ಅಷ್ಟು ಹೊತ್ತೂ ಮರಳಿ ಮರಳಿ ಓದುತ್ತಲೇ ಇರುತ್ತಾನೆ. ಹಿಡಿದವನು ನಡುವೆ ಸ್ತಬ್ಧನಾದರೆ ಕಾಯುವಿಕೆಗೆ ಕೊನೆಯಿರದು. ಆದುದರಿಂದಲೇ ಲಿನಕ್ಸ್‌ನಲ್ಲಿ, ಇಂತಿಷ್ಟು ಕಾಲದ ಮೇಲೆ ಪ್ರಯತ್ನವನ್ನು ಕೈಬಿಡುವ ಏರ್ಪಾಟೂ ಉಂಟು.

ವಿದ್ಯಾರ್ಥಿಗಳಿಗೆ ಒಂದು ಅಭ್ಯಾಸ: 32 ಬೀಗಗಳಲ್ಲಿ ಕಡೆಯದು ಆರಂಭದಿಂದ ಎಷ್ಟು ಬೈಟ್‌ಗಳಾಚೆ ಇದೆ? 2176 ಎಂಬ ಉತ್ತರ ಬಂದರೆ, ಎಣಿಕೆ ಎಲ್ಲಿಂದ ತೊಡಗುತ್ತದೆಂಬುದನ್ನು ಮತ್ತೊಮ್ಮೆ ನೋಡಬೇಕು. ಸರಿಯಾದ ಉತ್ತರ 2172.